ಹಕ್ಕಿಗಳಿಂದ ಬಾಳು ಕಲಿತವರು: ಡಾ. ಸಲೀಂ ಅಲಿ



ನಮ್ಮ ಉಮರ್ಗಾ, ನಿಲಂಗಾ, ಉದಗೀರದ ಸೀಮೆಯಲ್ಲಿ ಬಾವಿಯ ಮೇಲೆ ಬಾಗಿದ ಜಾಲಿಯ ಗಿಡವಿದ್ದರೆ ಅದರ ಟೊಂಗೆಗಳಿಗೆ ಗೀಜಗನ ಗೂಡುಗಳು ತೂಗಾಡುವುದನ್ನು ನೀವೆಲ್ಲರೂ ಕಂಡಿದ್ದೀರಿ. ಮಳೆಗಾಲ ಬಂತೆಂದರೆ ಹಳದಿ ನೆತ್ತಿಯ ಆ ಪುಟ್ಟ ಹಕ್ಕಿ ತಲೆಕೆಳಗಾಗಿ ಜೋತುಬಿದ್ದು, ರೆಕ್ಕೆ ಬಡಿಯುತ್ತ, ಎಸಳಿಗೆ ಎಸಳು ಸೇರಿಸಿ ಗೂಡು ನೇಯುತ್ತದೆ. ಅದಕ್ಕೆ ಭಾರವೆಂಬುದೇ ಇಲ್ಲವೇನೋ, ಆಯಾಸವೆಂಬುದೇ ಗೊತ್ತಿಲ್ಲವೇನೋ ಎನಿಸುತ್ತದೆ. ಆದರೆ ಹಕ್ಕಿಯ ಆ ಹಗುರತನ ಪುಕ್ಕಟೆಯಾಗಿ ಬಂದುದಲ್ಲ. ಅದರ ಹಿಂದಿರುವ ದುಡಿಮೆಯನ್ನು ಮರೆಯಲ್ಲಿ ಕುಳಿತು ದಿನವಿಡೀ ನೋಡಿ ಬರೆದಿಟ್ಟ ಮಹನೀಯರೊಬ್ಬರು ನಮ್ಮ ದೇಶದಲ್ಲಿದ್ದರು. ಅವರೇ ಡಾ. ಸಲೀಂ ಅಲಿ. ಹಕ್ಕಿಯನ್ನು ನೋಡುತ್ತ ನೋಡುತ್ತ ಅವರ ಬಾಳೂ ಹಕ್ಕಿಯ ಬಾಳಿನಂತೆಯೇ ಆಯಿತು.

ಸಲೀಂ ಅಲಿಯವರು 1896ರ ನವೆಂಬರ 12ರಂದು ಮುಂಬಯಿಯಲ್ಲಿ ಜನಿಸಿದರು. ತಂದೆತಾಯಿಗಳಿಗೆ ಕೊನೆಯ ಮಗು. ಕೂಸಿಗೆ ವರುಷ ತುಂಬುವ ಹೊತ್ತಿಗೆ ತಂದೆ ತೀರಿಕೊಂಡರು, ಮೂರು ವರುಷವಾದಾಗ ತಾಯಿಯೂ ಇಲ್ಲವಾದರು. ತಬ್ಬಲಿಯಾದ ಮಕ್ಕಳನ್ನು ಸೋದರಮಾವ ಅಮೀರುದ್ದೀನ ತ್ಯಾಬಜಿ ಮತ್ತು ಅತ್ತೆ ಹಮೀದಾ ಬೇಗಂ ಅವರು ಖೇತವಾಡಿಯ ತಮ್ಮ ಮನೆಯಲ್ಲಿ ಸಾಕಿದರು. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಮಾವನವರು ಬೇಟೆಯ ಹವ್ಯಾಸದವರು. ಹುಡುಗನ ಕೈಗೂ ಒಂದು ಗಾಳಿಬಂದೂಕು ಬಂತು.

ಆ ಬಂದೂಕಿನಿಂದ ಹುಡುಗ ಗುಬ್ಬಿಗಳನ್ನು ಹೊಡೆಯುತ್ತಿದ್ದ. ಹತ್ತು ವರುಷದ ಸುಮಾರಿನಲ್ಲಿ ಒಂದು ದಿನ ಕೆಳಗೆ ಬಿದ್ದ ಗುಬ್ಬಿಯನ್ನು ಕೈಗೆತ್ತಿಕೊಂಡಾಗ ಅದರ ಕೊರಳಲ್ಲಿ ಅರಿಶಿನದ ಬೊಟ್ಟಿನಂತೆ ಹಳದಿ ಮಚ್ಚೆ ಕಂಡಿತು. ಮನೆಯ ಗುಬ್ಬಿಗೆ ಇಂಥ ಮಚ್ಚೆ ಇರುವುದಿಲ್ಲವಲ್ಲ! ಮಾವನನ್ನು ಕೇಳಿದ. ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹುಡುಗನನ್ನು ಗದರಿಸಿ ಕಳಿಸುವುದು ಸುಲಭವಾಗಿತ್ತು. ಹಾಗೆ ಮಾಡದೆ, ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಕಾರ್ಯದರ್ಶಿ ಮಿಲಾರ್ಡ ಸಾಹೇಬರಿಗೆ ಒಂದು ಪರಿಚಯಪತ್ರ ಬರೆದುಕೊಟ್ಟು ಅವರಲ್ಲಿಗೆ ಕಳಿಸಿದರು. ಪಾಲಕರು ಇದನ್ನು ಗಮನಿಸಬೇಕೆಂದು ನನ್ನ ವಿನಂತಿ. ಆ ಪತ್ರ ಬರೆಯದಿದ್ದರೆ ಭಾರತಕ್ಕೆ ಒಬ್ಬ ಪಕ್ಷಿಶಾಸ್ತ್ರಜ್ಞ ಸಿಗುತ್ತಿದ್ದನೋ ಇಲ್ಲವೋ!

ಹುಡುಗ ಅಳುಕುತ್ತಲೇ ಆ ದೊಡ್ಡ ಕಟ್ಟಡದೊಳಗೆ ಕಾಲಿಟ್ಟ. ಮಿಲಾರ್ಡರು ಆ ಹಕ್ಕಿ ಹಳದಿ ಕೊರಳಿನ ಗುಬ್ಬಿ ಎಂದು ಗುರುತಿಸಿದರು. ಅಷ್ಟಕ್ಕೇ ಬಿಡದೆ ಒಂದೊಂದಾಗಿ ಅರೆಗಳನ್ನು ಎಳೆದು, ಅರಳೆ ತುಂಬಿ ಕಾಪಾಡಿಟ್ಟ ನೂರಾರು ಹಕ್ಕಿಗಳನ್ನು ತೋರಿಸಿದರು. ಓದಲು ಪುಸ್ತಕ ಕೊಟ್ಟರು. ಹಕ್ಕಿಯ ಚರ್ಮ ಬಿಡಿಸಿ ಕೆಡದಂತೆ ಇಡುವ ವಿದ್ಯೆಯನ್ನು ಕಲಿಯಲು ಏರ್ಪಾಡು ಮಾಡಿದರು.

ಬಾಲ್ಯದ ಇನ್ನೊಂದು ಸಂಗತಿ. ಒಂದು ಹೆಣ್ಣು ಗುಬ್ಬಿ ಗೂಡಿನಲ್ಲಿ ಕಾವಿಗೆ ಕುಳಿತಿತ್ತು, ಗಂಡು ಹೊರಗೆ ಕಾವಲಿತ್ತು. ಹುಡುಗ ಗಂಡನ್ನು ಹೊಡೆದ. ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ಗಂಡು ಬಂದು ಅದೇ ಜಾಗದಲ್ಲಿ ಕುಳಿತಿತು. ಅದನ್ನೂ ಹೊಡೆದ. ಮತ್ತೊಂದು ಬಂತು. ಒಂದು ವಾರದಲ್ಲಿ ಹೀಗೆ ಎಂಟು ಗಂಡುಗಳು ಸತ್ತವು. ಇದು ಕ್ರೌರ್ಯವೇ, ಸಂದೇಹವಿಲ್ಲ. ಆದರೆ ಬಾಲಕ ಅದನ್ನು ತಾರೀಖು ಸಹಿತ ಬರೆದಿಟ್ಟುಕೊಂಡಿದ್ದ. ಸುಮಾರು ಅರುವತ್ತು ವರುಷಗಳ ಮೇಲೆ ಆ ಟಿಪ್ಪಣಿ ಅಚ್ಚಾಯಿತು. ಕೈಯಲ್ಲಿ ಬಂದೂಕಿದ್ದ ಹುಡುಗರು ಆ ಕಾಲದಲ್ಲಿ ಅನೇಕರಿದ್ದರು, ಜೊತೆಗೆ ಸೀಸಕಡ್ಡಿಯನ್ನೂ ಹಿಡಿದವರು ವಿರಳ.

ಇಷ್ಟು ಚುರುಕಾದ ಹುಡುಗ ಶಾಲೆಯಲ್ಲಿ ಮೊದಲ ಬೆಂಚಿನವನಾಗಿರಬೇಕೆಂದು ನೀವು ಎಣಿಸಬಹುದು. ಹಾಗೇನೂ ಇರಲಿಲ್ಲ. ಗಣಿತವೆಂದರೆ ಅವರಿಗೆ ಆಗುತ್ತಿರಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ತಲೆನೋವು ಅಂಟಿಕೊಂಡಿತು. ಒಣ ಹವೆ ಒಗ್ಗೀತೆಂದು ಸಿಂಧ್ ಪ್ರಾಂತಕ್ಕೆ ಬಂಧುಗಳ ಮನೆಗೆ ಕಳಿಸಿದರು. ಹೇಗೋ 1913ರಲ್ಲಿ ಮುಂಬಯಿ ವಿದ್ಯಾಪೀಠದ ಮೆಟ್ರಿಕ್ ಪರೀಕ್ಷೆಯನ್ನು ಪ್ರಯಾಸದಿಂದ ದಾಟಿದರು. ಸೇಂಟ್ ಝೇವಿಯರ್ ಕಾಲೇಜು ಸೇರಿದರೂ ಮೊದಲ ವರುಷವೇ ಕಷ್ಟವಾಗಿ, ಓದು ಬಿಟ್ಟು ಬ್ರಹ್ಮದೇಶದ ತವಾಯ್ ಎಂಬಲ್ಲಿಗೆ ಹೋದರು. ಅಲ್ಲಿ ಮನೆತನದವರ ಗಣಿ ಮತ್ತು ಕಟ್ಟಿಗೆಯ ವ್ಯಾಪಾರವಿತ್ತು. ಸುತ್ತಲೂ ದಟ್ಟ ಕಾಡು. ಗಣಿಗಿಂತ ಕಾಡೇ ಅವರನ್ನು ಎಳೆಯಿತು. 1917ರಲ್ಲಿ ಮುಂಬಯಿಗೆ ಮರಳಿ ಒಂದು ಕಡೆ ವಾಣಿಜ್ಯದ ಲೆಕ್ಕಪತ್ರ, ಇನ್ನೊಂದು ಕಡೆ ಪ್ರಾಣಿಶಾಸ್ತ್ರ, ಹೀಗೆ ಎರಡು ಕಡೆ ಕಲಿತರು. 1918ರಲ್ಲಿ ತೆಹಮಿನಾ ಬೇಗಂ ಅವರೊಡನೆ ವಿವಾಹವಾಯಿತು. ಮತ್ತೆ ಬ್ರಹ್ಮದೇಶ, ಮತ್ತೆ ವ್ಯಾಪಾರ. ಅದೂ ಕೈಹಿಡಿಯಲಿಲ್ಲ.

ಸರಕಾರದ ಪ್ರಾಣಿಶಾಸ್ತ್ರ ಸರ್ವೇಕ್ಷಣ ಇಲಾಖೆಯಲ್ಲಿ ಪಕ್ಷಿತಜ್ಞನ ಹುದ್ದೆಯೊಂದಿತ್ತು. ಅದಕ್ಕೆ ಅವರಿಗಿಂತ ತಕ್ಕವರು ಯಾರಿದ್ದರು? ಆದರೆ ಪದವಿಯ ಪ್ರಮಾಣಪತ್ರವಿಲ್ಲವೆಂದು ಆ ಕೆಲಸ ಸಿಗಲಿಲ್ಲ. 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ, ಬಂದವರಿಗೆ ವಿವರಿಸಿ ಹೇಳುವ ಮಾರ್ಗದರ್ಶಿಯ ನೌಕರಿ ದೊರೆಯಿತು. ಎರಡು ವರುಷಗಳ ನಂತರ ರಜೆ ಪಡೆದು ಜರ್ಮನಿಯ ಬರ್ಲಿನ್ನಿಗೆ ಹೋಗಿ ಎರ್ವಿನ್ ಸ್ಟ್ರೇಸ್‌ಮನ್ ಎಂಬ ಪ್ರಾಧ್ಯಾಪಕರ ಕೈಕೆಳಗೆ ಕಲಿತರು. ಇವರನ್ನೇ ಅವರು ಕೊನೆಯವರೆಗೂ ಗುರುಗಳೆಂದು ಭಾವಿಸಿದ್ದರು. ಸತ್ತ ಹಕ್ಕಿಯ ಗರಿ ಎಣಿಸುವುದಕ್ಕಿಂತ ಬದುಕಿರುವ ಹಕ್ಕಿಯ ನಡೆನುಡಿ ನೋಡುವುದೇ ಹೆಚ್ಚಿನದೆಂಬ ದೃಷ್ಟಿ ಅಲ್ಲಿ ಗಟ್ಟಿಯಾಯಿತು. ಕಲಿತು 1930ರಲ್ಲಿ ಮರಳಿ ಬಂದು ನೋಡಿದರೆ ಹಣವಿಲ್ಲವೆಂದು ಅವರ ಹುದ್ದೆಯನ್ನೇ ತೆಗೆದುಹಾಕಲಾಗಿತ್ತು.

ಮೂವತ್ನಾಲ್ಕರ ವಯಸ್ಸು. ಪದವಿಯಿಲ್ಲ, ನೌಕರಿಯಿಲ್ಲ. ಮುಂಬಯಿಯಲ್ಲಿ ಬಾಡಿಗೆ ಕೊಟ್ಟು ಇರುವುದು ಕಷ್ಟವೆಂದು ದಂಪತಿಗಳು ಅಲಿಬಾಗದ ಹತ್ತಿರದ ಕಿಹೀಂ ಎಂಬ ಕಡಲತೀರದ ಹಳ್ಳಿಗೆ ಹೋದರು. ಅಲ್ಲಿ ಮನೆಯ ಹತ್ತಿರವೇ ಗೀಜಗಗಳ ಕಾಲೋನಿಯೊಂದು ಗೂಡು ಕಟ್ಟತೊಡಗಿತ್ತು. ಬೇರೆಯವರಾಗಿದ್ದರೆ ಅರ್ಜಿ ಬರೆಯುತ್ತ ಕೂಡುತ್ತಿದ್ದರು. ಸಲೀಂ ಅಲಿಯವರು ಹಕ್ಕಿಗಳಿಗೆ ಕಾಣದಂತೆ ಮರೆಯಲ್ಲಿ ಕುಳಿತು, ಆ ಮಳೆಗಾಲವನ್ನೆಲ್ಲ ಗೀಜಗಗಳನ್ನು ನೋಡುವುದರಲ್ಲಿ ಕಳೆದರು.

ಅವರು ಕಂಡುದು ಇದು. ಗೂಡಿನ ನೇಕಾರ ಗಂಡು ಹಕ್ಕಿ. ಹುಲ್ಲಿನ ಅಥವಾ ಈಚಲ ಗರಿಯ ಅಂಚನ್ನು ಕೊಕ್ಕಿನಿಂದ ಕಚ್ಚಿ ಗಾಯಮಾಡಿ, ಅದನ್ನು ಹಿಡಿದು ಹಾರಿಬಿಡುತ್ತದೆ. ಹಾರುವ ರಭಸಕ್ಕೆ ನೀಳವಾದ ನಾರು ಸೀಳಿ ಬರುತ್ತದೆ. ಒಂದು ಗೂಡಿಗಾಗಿ ಇಂಥ ಐನೂರರಷ್ಟು ಓಡಾಟ. ಮೊದಲು ಟೊಂಗೆಗೆ ಗಂಟು, ಆಮೇಲೆ ಒಂದು ಬಳೆ, ಆಮೇಲೆ ಟೊಪ್ಪಿಗೆಯಂಥ ಅರ್ಧ ಗೂಡು. ಈ ಅರ್ಧ ಗೂಡಿನಲ್ಲಿ ಹಕ್ಕಿ ಹಸಿ ಮಣ್ಣಿನ ಮುದ್ದೆಗಳನ್ನು ಮೆತ್ತುತ್ತದೆ. ಅದಕ್ಕೆ ಮಿಂಚುಹುಳ ಅಂಟಿಸಿ ರಾತ್ರಿ ದೀಪ ಹಚ್ಚುತ್ತದೆಂದು ನಮ್ಮ ಹಿರಿಯರು ಹೇಳುವ ಕಥೆ ಚೆಂದವಾಗಿದೆ, ನಿಜವಲ್ಲ. ಗಾಳಿಗೆ ಗೂಡು ಹೊಯ್ದಾಡದಿರಲೆಂದು ಈ ಭಾರವೆಂದು ಹಲವು ತಜ್ಞರ ಅಭಿಪ್ರಾಯ.

ಅರ್ಧ ಗೂಡಾದಾಗ ಹೆಣ್ಣು ಹಕ್ಕಿಗಳ ಹಿಂಡು ಬರುತ್ತದೆ. ಗಂಡುಗಳೆಲ್ಲ ರೆಕ್ಕೆ ಬಡಿದು, ಚಿಲಿಪಿಲಿಗುಟ್ಟಿ ಕರೆಯುತ್ತವೆ. ಹೆಣ್ಣು ಒಳಹೊಕ್ಕು, ಎಳೆದು, ಜಗ್ಗಿ ಪರೀಕ್ಷೆ ಮಾಡುತ್ತದೆ. ಒಪ್ಪಿಗೆಯಾದರೆ ಗಂಡು ಕೊಳವೆಯಂಥ ಬಾಗಿಲು ಹೆಣೆದು ಗೂಡು ಮುಗಿಸಿ, ಕೆಲವೇ ದಿನಗಳಲ್ಲಿ ಹತ್ತಿರ ಇನ್ನೊಂದು ಗೂಡಿಗೆ ತೊಡಗುತ್ತದೆ. ಅದಕ್ಕೆ ಇನ್ನೊಂದು ಹೆಣ್ಣು ಯಜಮಾನಿ. ಒಪ್ಪಿಗೆಯಾಗದಿದ್ದರೆ? ಅಷ್ಟು ದಿನದ ನೇಯ್ಗೆ ಗಾಳಿಪಾಲು. ಗಂಡು ಬೇರೊಂದು ಟೊಂಗೆ ಹುಡುಕಿ ಮೊದಲ ಗಂಟಿನಿಂದ ಆರಂಭಿಸುತ್ತದೆ. ಎಳೆಯ ಗಂಡುಗಳ ಮೊದಲ ಗೂಡುಗಳಂತೂ ವಕ್ರವಕ್ರವಾಗಿರುತ್ತವೆ. ನಮ್ಮ ಗಿಡಗಳಲ್ಲಿ ಅರ್ಧಕ್ಕೇ ನಿಂತ ಟೊಪ್ಪಿಗೆಯ ಗೂಡುಗಳು ಅಷ್ಟೊಂದು ತೂಗಾಡುವುದೇಕೆಂಬುದು ಈಗ ನಿಮಗೆ ತಿಳಿದಿರಬೇಕು. ಅವೆಲ್ಲ ನಪಾಸಾದ ಉತ್ತರಪತ್ರಿಕೆಗಳು.

ಮರಾಠಿಯಲ್ಲಿ ಈ ಹಕ್ಕಿಗೆ ಸುಗರಣ ಎನ್ನುತ್ತಾರೆ. ಮನೆಗೆಲಸದಲ್ಲಿ ನುರಿತ ಗೃಹಿಣಿಗೂ ಅದೇ ಹೆಸರು. ಬಹಿಣಾಬಾಯಿ ಚೌಧರಿಯವರು ಅದರ ಗೂಡಿನ ಮೇಲೆ ಕಟ್ಟಿದ ಹಾಡನ್ನು ನಮ್ಮ ಸೀಮೆಯ ಮಕ್ಕಳು ಬಲ್ಲರು. ಅದರಲ್ಲಿ ಗೂಡು ತೂಗಹಾಕುವವಳು ತಾಯಿ. ಕವಿಯ ಮನಸ್ಸಿಗೆ ತಾಯಿ ಕಂಡಳು, ಶಾಸ್ತ್ರಜ್ಞನ ದುರ್ಬೀನಿಗೆ ತಂದೆ ಕಂಡ. ಎರಡನ್ನೂ ಓದಿ ಆನಂದಪಡುವ ಭಾಗ್ಯ ಎರಡು ಭಾಷೆಯ ನಡುವೆ ಬೆಳೆಯುವ ನಮ್ಮ ಮಕ್ಕಳಿಗಿದೆ.

ಗೀಜಗದ ಆ ಅಭ್ಯಾಸ ಸಂಘದ ಪತ್ರಿಕೆಯಲ್ಲಿ ಪ್ರಕಟವಾಗಿ ಸಲೀಂ ಅಲಿಯವರ ಹೆಸರನ್ನು ವಿದ್ವಾಂಸರಲ್ಲಿ ನೆಲೆಗೊಳಿಸಿತು. ನೌಕರಿ ಹೋದುದರಿಂದ ದೊರೆತ ಬಿಡುವೇ ಅದಕ್ಕೆ ಕಾರಣವಾಯಿತೆಂಬುದು ಸೋಜಿಗ.

ಮುಂದೆ ಅವರ ಬಾಳು ನಮ್ಮ ಸೀಮೆಗೆ ಹತ್ತಿರವಾಗುತ್ತದೆ. ಆಗ ಈ ನೆಲವೆಲ್ಲ ಹೈದರಾಬಾದ ಸಂಸ್ಥಾನದಲ್ಲಿತ್ತು. ಉದಗೀರ, ನಿಲಂಗಾಗಳು ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಬೀದರವು ಆ ಕಡೆ, ನಾವು ಈ ಕಡೆ ಆದೆವು. ಈ ಸಂಸ್ಥಾನದ ಹಕ್ಕಿಗಳ ಬಗೆಗೆ ಆವರೆಗೆ ಕ್ರಮಬದ್ಧವಾದ ಸಮೀಕ್ಷೆ ನಡೆದಿರಲಿಲ್ಲ. ಸಲೀಂ ಅಲಿಯವರು ಮುಂದೆ ಬಂದು, ಪ್ರವಾಸದ ಖರ್ಚು ಕೊಟ್ಟರೆ ಸಾಕು, ತಮ್ಮ ದುಡಿಮೆಗೆ ಸಂಬಳ ಬೇಡವೆಂದರು. 1931-32ರಲ್ಲಿ ಸಂಸ್ಥಾನದ ನೆರವಿನಿಂದ ಆ ಸಮೀಕ್ಷೆ ನಡೆಯಿತು. ಎತ್ತಿನ ಬಂಡಿ, ಡೇರೆ, ಕೆಲವೇ ಪಾತ್ರೆಪಡಗ. ಇಂದಿನ ತೆಲಂಗಾಣದ ಅಮ್ರಾಬಾದ ಪ್ರಸ್ಥಭೂಮಿ, ಉಟ್ನೂರಿನ ಕಾಡು ಮುಂತಾದೆಡೆಗಳಲ್ಲಿ ಬಿಡಾರ. ತೆಹಮಿನಾ ಅವರು ಇಂಗ್ಲೆಂಡಿನಲ್ಲಿ ಕಲಿತವರು, ಸುಖದಲ್ಲಿ ಬೆಳೆದವರು. ಆದರೂ ಡೇರೆಯ ಬಾಳನ್ನು ಸಂತೋಷದಿಂದ ಒಪ್ಪಿ ಗಂಡನ ಜೊತೆ ತಿರುಗಿದರು. ವಲಸೆ ಹೋಗುವ ಹಕ್ಕಿ ಏನನ್ನೂ ಹೊತ್ತು ಹೋಗುವುದಿಲ್ಲ. ಈ ದಂಪತಿಗಳ ಸಾಮಾನೂ ಹೆಚ್ಚುಕಡಿಮೆ ಹಾಗೆಯೇ ಇತ್ತು.

ಅಂದಿನ ಪದ್ಧತಿಯಂತೆ ಸಮೀಕ್ಷೆಗಾಗಿ ಹಕ್ಕಿಗಳನ್ನು ಹೊಡೆದು ಮಾದರಿಗಳನ್ನು ಕೂಡಿಸಲೇಬೇಕಾಗುತ್ತಿತ್ತು. ಅದನ್ನು ಮುಚ್ಚಿಡಬೇಕಾಗಿಲ್ಲ. ಯಾವ ಹಕ್ಕಿ ಎಲ್ಲಿದೆ, ಏನು ತಿನ್ನುತ್ತದೆ, ಯಾವಾಗ ಮೊಟ್ಟೆಯಿಡುತ್ತದೆ ಎಂಬುದು ಗೊತ್ತಿಲ್ಲದೆ ಅದನ್ನು ಕಾಪಾಡುವುದು ಆಗದ ಮಾತು. ಅದೇ ಕಾಲದಲ್ಲಿ ಅವರು ಹೂವು ಮತ್ತು ಹಕ್ಕಿಗಳ ನಂಟಿನ ಬಗೆಗೂ ಬರೆದರು. ಮುತ್ತುಗ, ಹಾಲುವಾಣದ ಹೂಗಳಿಗೆ ಬರುವ ಸೂರಕ್ಕಿ, ಗೊರವಂಕಗಳು ಮಕರಂದ ಕುಡಿದು ಸುಮ್ಮನೆ ಹೋಗುವುದಿಲ್ಲ, ಪರಾಗವನ್ನು ಹೂವಿನಿಂದ ಹೂವಿಗೆ ಮುಟ್ಟಿಸುತ್ತವೆ. ಚಳಿಗಾಲದಲ್ಲಿ ಮಾಂಜ್ರಾ, ತೇರಣಾ ನದಿಗಳ ಬಯಲಿನ ಜೋಳದ ಹೊಲಗಳ ಮೇಲೆ ಗುಲಾಬಿ ಕಬ್ಬಕ್ಕಿಗಳ ಹಿಂಡು ಬೀಸಿದ ಬಲೆಯಂತೆ ಹೊರಳುತ್ತದಲ್ಲ, ಅವು ತೆನೆಯನ್ನೂ ತಿನ್ನುತ್ತವೆ, ಮಿಡತೆಗಳನ್ನೂ ತಿನ್ನುತ್ತವೆ. ಕವಣೆ ಬೀಸುವ ರೈತನ ಸಂಕಟವೂ ನಿಜ, ಹಕ್ಕಿ ಮಾಡುವ ಉಪಕಾರವೂ ನಿಜ. ಎರಡನ್ನೂ ಅಳೆದು ನೋಡಬೇಕೆಂಬುದೇ ಅವರ ನಿಲುವಾಗಿತ್ತು.

1939ರ ಜುಲೈದಲ್ಲಿ ದೊಡ್ಡ ಆಘಾತವಾಯಿತು. ಸಣ್ಣದೊಂದು ಶಸ್ತ್ರಚಿಕಿತ್ಸೆಯ ನಂತರ ರಕ್ತ ವಿಷವಾಗಿ ತೆಹಮಿನಾ ಅವರು ತೀರಿಕೊಂಡರು. ಮಕ್ಕಳಿರಲಿಲ್ಲ. ಸಲೀಂ ಅಲಿಯವರು ಸಹೋದರಿಯ ಮನೆ ಸೇರಿದರು, ಮತ್ತೆ ಮದುವೆಯಾಗಲಿಲ್ಲ. ಆದರೆ ಮನೆಯಲ್ಲಿ ಕುಳಿತು ಕೊರಗಲೂ ಇಲ್ಲ. ಅದೇ ವರುಷ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಗೆ ಹೊರಟುಬಿಟ್ಟರು. ಬಿಳಿಗಿರಿರಂಗನ ಬೆಟ್ಟದ ಕಾಡುಗಳನ್ನು ತಿರುಗಿದರು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುಗಡ್ಡೆಗಳಲ್ಲಿ ಕೊಕ್ಕರೆ, ಬೆಳ್ಳಕ್ಕಿಗಳು ಗೂಡುಕಟ್ಟುವುದನ್ನು ಕಂಡು, ಆ ಜಾಗವನ್ನು ಕಾಪಾಡುವಂತೆ ಮೈಸೂರಿನ ಮಹಾರಾಜರ ಮನ ಒಲಿಸಿದರು. 1940ರಲ್ಲಿ ಅದು ರಕ್ಷಿತ ಸ್ಥಳವಾಯಿತು. ಅದೇ ರಂಗನತಿಟ್ಟು. ಪ್ರವಾಸಕ್ಕೆ ಹೋದಾಗ ದೋಣಿಯಲ್ಲಿ ಕುಳಿತು ಅಲ್ಲಿನ ಹಕ್ಕಿಗಳನ್ನು ನೋಡಿದವರು, ಅದು ಹೆಂಡತಿಯನ್ನು ಕಳೆದುಕೊಂಡ ಮನುಷ್ಯನೊಬ್ಬ ದುಃಖದ ದಿನಗಳಲ್ಲಿ ಮಾಡಿದ ಉಪಕಾರವೆಂಬುದನ್ನು ನೆನೆಯಬೇಕು.

1941ರಲ್ಲಿ ಭಾರತದ ಹಕ್ಕಿಗಳನ್ನು ಕುರಿತ ಅವರ ಪ್ರಸಿದ್ಧ ಪುಸ್ತಕ ಹೊರಬಂತು. ಬಣ್ಣದ ಚಿತ್ರ ನೋಡಿ ಯಾರಾದರೂ ಹಕ್ಕಿಯ ಗುರುತು ಹಿಡಿಯಬಹುದಾದ ಸರಳ ಪುಸ್ತಕವದು. ಆಮೇಲೆ ಅಮೇರಿಕೆಯ ಡಿಲ್ಲನ್ ರಿಪ್ಲೆಯವರೊಡನೆ ಕೂಡಿ ಬರೆದ ಹತ್ತು ಸಂಪುಟಗಳ ಕೈಪಿಡಿ 1968ರಿಂದ 1974ರ ವರೆಗೆ ಪ್ರಕಟವಾಯಿತು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಬಂದವು. ಪದವಿಯಿಲ್ಲದವರಿಗೆ ವಿದ್ಯಾಪೀಠಗಳು ತಾವಾಗಿ ಡಾಕ್ಟರೇಟ್ ಕೊಟ್ಟವು. 1985ರಲ್ಲಿ ರಾಜ್ಯಸಭೆಗೆ ನಾಮಕರಣವಾಯಿತು. ಗೆಟ್ಟಿ ಪ್ರಶಸ್ತಿ ಬಂದಾಗ ಆ ಹಣವನ್ನು, ಬಾಲಕನಾಗಿದ್ದಾಗ ತಮಗೆ ಬಾಗಿಲು ತೆರೆದ ಆ ಸಂಘದ ನಿಧಿಗೇ ಕೊಟ್ಟರು.

ಇಷ್ಟು ಓದಿ ಅವರು ಮೌನಿ ಋಷಿಯಂತಿದ್ದರೆಂದು ತಿಳಿಯಬೇಡಿರಿ. ಮೋಟರ್ ಸೈಕಲ್ಲಿನ ಹುಚ್ಚು ಅವರಿಗೆ ವಿಪರೀತ. 1950ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಪಕ್ಷಿಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಮ್ಮೇಳನವಿತ್ತು. ಸಲೀಂ ಅಲಿಯವರು ತಮ್ಮ ಸನ್‌ಬೀಮ್ ಬೈಕನ್ನು ಹಡಗಿನಲ್ಲಿ ಯೂರೋಪಿಗೆ ಸಾಗಿಸಿ, ಅದರ ಮೇಲೆಯೇ ಊರೂರು ದಾಟಿ ಸಮ್ಮೇಳನದ ಬಾಗಿಲಿಗೆ ಹೋಗಿ ಇಳಿದರು. ಆಗ ಅವರ ವಯಸ್ಸು ಐವತ್ಮೂರು! ಮೈ ತೆಳ್ಳಗೆ, ಹೆಜ್ಜೆ ಚುರುಕು. ಇಳಿವಯಸ್ಸಿನಲ್ಲಿಯೂ ಕೊರಳಲ್ಲಿ ದುರ್ಬೀನು ತೂಗಹಾಕಿಕೊಂಡು ಕಾಡು ತಿರುಗುವುದನ್ನು ಬಿಡಲಿಲ್ಲ.

ರಾಜಸ್ಥಾನದ ಭರತಪುರದ ಕೆರೆಯ ಕಥೆಯನ್ನೂ ಹೇಳಬೇಕು. ಅದು ರಾಜಮಹಾರಾಜರ ಬೇಟೆಯ ಜಾಗ. 1938ರಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋ ಅವರ ಬೇಟೆಯಲ್ಲಿ 4,000ಕ್ಕೂ ಮಿಕ್ಕಿ ಬಾತುಗಳು ಬಿದ್ದವು. ಸ್ವಾತಂತ್ರ್ಯದ ನಂತರ ಅದನ್ನು ಬತ್ತಿಸಿ ಹೊಲ ಮಾಡಬೇಕೆಂಬ ಕೂಗೆದ್ದಿತು. ಹೊಲ ಬೇಡಿದವರೂ ಬಡವರೇ. ಸಲೀಂ ಅಲಿಯವರು ಪ್ರಧಾನಿ ನೆಹರೂ ಅವರವರೆಗೆ ವಿಷಯ ಮುಟ್ಟಿಸಿ ಕೆರೆಯನ್ನು ಉಳಿಸಿದರು. ಅಲ್ಲಿ ಸಾವಿರಾರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿದ್ದರಿಂದ, ನಮ್ಮ ಚಳಿಗಾಲದ ಅತಿಥಿಗಳು ದೂರದ ಸೈಬೀರಿಯದಿಂದ ಬರುವವೆಂಬುದಕ್ಕೆ ಪುರಾವೆ ಸಿಕ್ಕಿತು.

ಎಲ್ಲ ಕಡೆಯೂ ಗೆದ್ದರೆಂದಲ್ಲ. ಅವರ ಮೆಚ್ಚಿನ ಹಕ್ಕಿಗಳಲ್ಲೊಂದು ಎರೆಭೂತ. ಮರಾಠಿಯಲ್ಲಿ ಮಾಳಢೋಕ. ನಿಂತರೆ ಸುಮಾರು ಒಂದು ಮೀಟರ್ ಎತ್ತರ, ಗಂಡು ಹಕ್ಕಿ ಹದಿನೈದು ಕಿಲೋದವರೆಗೆ ತೂಗುತ್ತದೆ. ಹಾರಬಲ್ಲ ಹಕ್ಕಿಗಳಲ್ಲಿ ಅತಿ ಭಾರವಾದವುಗಳಲ್ಲಿ ಇದೊಂದು. ಇಷ್ಟು ಭಾರ ಹೊತ್ತೂ ಅದು ಹುಲ್ಲಿನ ಮಾಳದಲ್ಲಿ ಕತ್ತೆತ್ತಿ, ಒಂದೊಂದೇ ಹೆಜ್ಜೆಯಿಟ್ಟು ನಡೆಯುವ ಠೀವಿಗೆ ಸಾಟಿಯಿಲ್ಲ. ರಾಷ್ಟ್ರಪಕ್ಷಿಯ ಆಯ್ಕೆಯ ಮಾತು ಬಂದಾಗ ಸಲೀಂ ಅಲಿಯವರು ಈ ಹಕ್ಕಿಯ ಹೆಸರನ್ನು ಮುಂದಿಟ್ಟರು. ನವಿಲು ಹೇಗೂ ಜನರ ಪ್ರೀತಿಯಲ್ಲಿದೆ, ಅಳಿವಿನ ಅಂಚಿನಲ್ಲಿರುವ ಹಕ್ಕಿಗೆ ಆ ಗೌರವ ಸಿಕ್ಕರೆ ಅದು ಉಳಿದೀತೆಂಬುದು ಅವರ ಎಣಿಕೆ. 1963ರಲ್ಲಿ ನವಿಲೇ ಆಯ್ಕೆಯಾಯಿತು.

ಈ ಎರೆಭೂತ ದೂರದ ಹಕ್ಕಿಯಲ್ಲ. ಉಮರ್ಗಾದಿಂದ ಹೆದ್ದಾರಿ ಹಿಡಿದು ನಳದುರ್ಗ ದಾಟಿ ಸೊಲ್ಲಾಪುರಕ್ಕೆ ಹೋದರೆ ಅಲ್ಲಿಂದ ಅನತಿ ದೂರದಲ್ಲಿದೆ ನಾನ್ನಜ ಎಂಬ ಊರು. ಅಲ್ಲಿನ ಮಾಳದಲ್ಲಿ ಈ ಹಕ್ಕಿಗಳಿದ್ದುದರಿಂದ 1979ರಲ್ಲಿ ಅದನ್ನು ಅಭಯಾರಣ್ಯವೆಂದು ಘೋಷಿಸಲಾಯಿತು. 1980ರ ದಶಕದಲ್ಲಿ ಸಲೀಂ ಅಲಿಯವರ ಸಂಘದ ಸಂಶೋಧಕರು ಅಲ್ಲಿ ಬಿಡಾರ ಹೂಡಿ ಹಕ್ಕಿಯ ಬಾಳನ್ನು ಅಭ್ಯಸಿಸಿದರು. ಹೆಣ್ಣು ನೆಲದ ಮೇಲೆಯೇ ಮೊಟ್ಟೆಯಿಡುತ್ತದೆ, ಸಾಮಾನ್ಯವಾಗಿ ವರುಷಕ್ಕೆ ಒಂದೇ. ದನ ತುಳಿದರೆ, ನಾಯಿ ಮೂಸಿದರೆ, ಮಾಳಕ್ಕೆ ನೇಗಿಲು ಬಿದ್ದರೆ ಆ ವರುಷದ ಸಂತಾನ ಮುಗಿಯಿತು. ಅದರ ಕಣ್ಣುಗಳು ತಲೆಯ ಎರಡು ಬದಿಗಿರುವುದರಿಂದ ಎದುರಿನ ವಿದ್ಯುತ್ ತಂತಿ ಸರಿಯಾಗಿ ಕಾಣುವುದಿಲ್ಲ, ಭಾರದ ಮೈ ಥಟ್ಟನೆ ಹೊರಳುವುದೂ ಇಲ್ಲ.

ಸಲೀಂ ಅಲಿಯವರು ತೊಂಬತ್ತು ದಾಟಿ 1987ರಲ್ಲಿ ಮುಂಬಯಿಯಲ್ಲಿ ನಿಧನರಾದರು. ಅದಕ್ಕೆ ಎರಡು ವರುಷ ಮೊದಲು ಹೊರಬಂದ ತಮ್ಮ ಆತ್ಮಕಥೆಗೆ ಆ ಹಳದಿ ಕೊರಳಿನ ಗುಬ್ಬಿ ಕೆಳಗೆ ಬಿದ್ದುದನ್ನೇ ಹೆಸರಾಗಿ ಇಟ್ಟಿದ್ದರು.

ಈಗ ದೇಶದ ಕಾಡುಮಾಳಗಳಲ್ಲಿ ಉಳಿದ ಎರೆಭೂತಗಳು ನೂರೈವತ್ತಕ್ಕಿಂತ ಕಡಿಮೆ ಎಂದು ಅಂದಾಜು. ಹೆಚ್ಚಿನವು ರಾಜಸ್ಥಾನದಲ್ಲಿವೆ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು. ಜೈಸಲ್ಮೇರದ ಹತ್ತಿರದ ಕೇಂದ್ರಗಳಲ್ಲಿ ಮೊಟ್ಟೆಗಳಿಗೆ ಯಂತ್ರದಿಂದ ಕಾವು ಕೊಟ್ಟು ಮರಿ ಬೆಳೆಸುತ್ತಿದ್ದಾರೆ. ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಹುಟ್ಟಿದ್ದು 2024ರಲ್ಲಿ. ನಾನ್ನಜದ ಮಾಳದಲ್ಲಿ ಚಿಗರಿಗಳು ಇಂದಿಗೂ ಹಿಂಡುಗಟ್ಟಿ, ನೆಲ ಸೋಕಿತೋ ಇಲ್ಲವೋ ಎನ್ನುವಂತೆ ಜಿಗಿಯುತ್ತ ಓಡುತ್ತವೆ. ಅವುಗಳ ನಡುವೆ ತಲೆಯೆತ್ತಿ ನಡೆಯುತ್ತಿದ್ದ ಆ ದೊಡ್ಡ ಹಕ್ಕಿ ಮಾತ್ರ ಅಲ್ಲಿ ಕಣ್ಣಿಗೆ ಬೀಳುವುದೇ ಅಪರೂಪವಾಗಿದೆ.